ಪ್ರಿಂಟ್ ಚೆಂದ, ಕಂಬ ಮಾತ್ರ ದಪ್ಪ

ಕೊಪ್ಪಳ ಬಸ್ ಸ್ಟ್ಯಾಂಡ್ ಕಡೆ ಪ್ರಿಂಟ್ ಹಾಕಿ ಫ್ರೇಮ್ ಕಟ್ಟಿಕೊಡುವ ಅಂಗಡಿ. ಹೆಸರು ಬೇಡ, ಕೊನೆಗೆ ಸರಿಮಾಡಿ ಕೊಟ್ಟರಲ್ಲ. ಐದಕ್ಕೆ ಮೂರು ಸ್ಟಾರ್.

ನಾನು ಕೊಟ್ಟಿದ್ದು ದೇವರ ಫೋಟೊನೂ ಅಲ್ಲ, ಮದುವೆ ಫೋಟೊನೂ ಅಲ್ಲ. ಇಟಲಿಯ ವಾಸ್ತುಶಿಲ್ಪಿ ವಿನ್ಯೋಲಾ 1562ರಲ್ಲಿ ತಾಮ್ರದ ತಗಡಿನಿಂದ ಅಚ್ಚು ಹಾಕಿಸಿದ, ಕಂಬಗಳ ಅಳತೆ ಹೇಳುವ ಪುಸ್ತಕದ ಒಂದು ಪುಟ, ಕೊರಿಂಥಿಯನ್ ಅನ್ನುವ, ತಲೆಗೆ ಎಲೆಗಳ ಕೆತ್ತನೆ ಇರುವ ಕಂಬದ್ದು. ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಕೌಂಟರ್ ಹುಡುಗ ನೋಡಿ, "ಇಟಗಿ ಗುಡಿ ಕಂಬ ಇದ್ದಂಗ ಐತಲ್ರಿ" ಅಂದ. ಅದು 1112ರ ಗುಡಿ, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ, ಆದರೂ ನನಗೆ ಖುಷಿಯಾಯಿತು.

ಎರಡು ದಿನಕ್ಕೆ ಫ್ರೇಮ್ ಬಂತು. ಕಂಬದ ತಲೆಯ ಎಲೆಗಳು ಎಷ್ಟು ಚೆಂದ ಮೂಡಿದ್ದವು ಅಂದರೆ ಒಂದೊಂದು ಎಲೆಯ ತುದಿ ಮುಂದಕ್ಕೆ ಬಾಗಿರುವುದೂ, ಅದರ ಕೆಳಗಿನ ನೆರಳಿಗೆ ಎಳೆದ ಕೂದಲೆಳೆಯಂಥ ಗೆರೆಗಳೂ ಬಿಡಿಬಿಡಿಯಾಗಿ ಕಾಣುತ್ತಿದ್ದವು. ಆದರೆ ಕಂಬ ಯಾಕೋ ಗುಂಡುಗುಂಡಾಗಿತ್ತು. ಸ್ಕೇಲ್ ಹಿಡಿದೆ. ಎತ್ತರ 36 ಸೆಂ.ಮೀ., ಬುಡದ ಅಗಲ 4.3. ಎಂಟೂವರೆ ಪಟ್ಟೂ ಇಲ್ಲ! ವಿನ್ಯೋಲಾ ಲೆಕ್ಕದಲ್ಲಿ ಕೊರಿಂಥಿಯನ್ ಕಂಬ ಬುಡದ ಅಗಲಕ್ಕಿಂತ 10 ಪಟ್ಟು ಎತ್ತರ, ಡೋರಿಕ್ ಅನ್ನುವ ಸಾದಾ, ದಪ್ಪ ಕಂಬ ಆದರೆ 8. ಅಂದರೆ ಇವರು ಡೋರಿಕ್ ಮೈಗೆ ಕೊರಿಂಥಿಯನ್ ತಲೆ ಕೂರಿಸಿದ್ದರು. ಏನಾಗಿತ್ತು ಅಂದರೆ, ಉದ್ದನೆಯ ಪುಟವನ್ನು 16ಕ್ಕೆ 20 ಇಂಚಿನ ಫ್ರೇಮ್ ತುಂಬಲಿ ಅಂತ ಅಡ್ಡಡ್ಡ ಎಳೆದಿದ್ದರು.

"ಡಿಸೈನ್ ಎಲ್ಲಾ ಬಂದೈತಲ್ರಿ ಸರ್" ಅಂದರು. ಬಂದಿದೆ, ಸರಿ. ಆದರೆ ಒಂದೊಂದು ಊರಿನ ಗಜ ಒಂದೊಂದು ಥರ ಅಂತಲೇ ವಿನ್ಯೋಲಾ ಅಡಿ ಇಂಚು ಬಿಟ್ಟು, ಕಂಬದ ಬುಡದ ಅರ್ಧ ದಪ್ಪವನ್ನೇ ಅಳತೆಗೋಲು ಮಾಡಿಕೊಂಡಿದ್ದು. ಅದೇ ಹೋದರೆ ಉಳಿಯೋದು ಸುಮ್ನೆ ಹೂಬಳ್ಳಿ, ಅಲ್ವಾ?

ವಾದ ಮಾಡದೆ ಮತ್ತೆ ಹಾಕಿಕೊಟ್ಟರು, ದುಡ್ಡು ಜಾಸ್ತಿ ಕೇಳಲಿಲ್ಲ. ಎರಡು ಬದಿ ಬಿಳಿ ಅಂಚು ಬಿಟ್ಟಿದ್ದಾರೆ, ಈಗ ಕಂಬ ಸಪೂರ. ನೀವು ಹೋದರೆ "ಎಳೀಬೇಡಿ, ಅಂಚು ಬಿಡಿ" ಅಂತ ಮೊದಲೇ ಹೇಳಿ. ಸ್ಕ್ಯಾನ್ ಸಣ್ಣದಿದ್ದರೆ ತಾಮ್ರದ ಅಚ್ಚಿನ ಚಿತ್ರ ಬೇಡ, ನೆರಳಿನ ಗೆರೆಗಳೆಲ್ಲ ಕಲಸಿ ಮಸಿಯಾಗುತ್ತವೆ. ಇಟಲಿಯ ಇನ್ನೊಬ್ಬ ವಾಸ್ತುಶಿಲ್ಪಿ ಪಲ್ಲಾಡಿಯೋನ 1570ರ ಪುಸ್ತಕದ ಪುಟ ಕೊಡಿ, ಅದು ಮರದ ಅಚ್ಚು, ಗೆರೆ ದಪ್ಪ, ತಡೆಯುತ್ತದೆ. ಗಾಜು ಮಾತ್ರ ಕನ್ನಡಿ ಥರ ಹೊಳೆಯುತ್ತದೆ, ಟ್ಯೂಬ್‌ಲೈಟ್ ಎದುರು ನೇತುಹಾಕಬೇಡಿ.