ಲ್ಯಾಪ್‌ಟಾಪ್‌ಗೆ ಸಾಟಾ ಎಸ್‌ಎಸ್‌ಡಿಯೋ, ಎನ್‌ವಿಎಂಇಯೋ?

ಎಸ್‌ಎಸ್‌ಡಿ ಅಂದರೆ ಹಾರ್ಡ್‌ಡಿಸ್ಕ್ ಬದಲು ಹಾಕುವ ವೇಗದ ಸ್ಟೋರೇಜ್. ಸಾಟಾ ಅದರ ಹಳೇ ಬಗೆ, ಎನ್‌ವಿಎಂಇ ಇನ್ನೂ ವೇಗದ ಹೊಸ ಬಗೆ. ಮೊದಲು ನಿಮ್ಮ ಲ್ಯಾಪ್‌ಟಾಪ್‌ಗೆ ಏನು ಹಿಡಿಸುತ್ತದೆ ನೋಡಿ. ಹಾರ್ಡ್‌ಡಿಸ್ಕ್ ಇರುವ ಹಳೇದಕ್ಕೆ ಬಹುತೇಕ 2.5 ಇಂಚಿನ ಸಾಟಾವೇ ದಾರಿ, ಅದರಲ್ಲೇ ಯಂತ್ರ ಹೊಸದಾದಂತೆ ಓಡುತ್ತದೆ. ಎಂ.2 ಸ್ಲಾಟ್ (ಪಟ್ಟಿಯಂಥ ತೆಳು ಎಸ್‌ಎಸ್‌ಡಿ ಕೂರುವ ಜಾಗ) ಇದ್ದಮಾತ್ರಕ್ಕೆ ಎನ್‌ವಿಎಂಇ ನಡೆಯುತ್ತದೆ ಅಂತಲ್ಲ. ಕೆಲವು ಸ್ಲಾಟ್‌ಗಳಿಗೆ ಸಾಟಾ ಮಾತ್ರ ಆಗುತ್ತದೆ. ಅಂಗಡಿಯವರ ಮಾತಿಗಿಂತ ನಿಮ್ಮ ಮಾಡೆಲ್‌ನ ಮ್ಯಾನ್ಯುಯಲ್ ನಂಬಿ. ಎಂ.2 ಎಸ್‌ಎಸ್‌ಡಿಯ ಉದ್ದವನ್ನೂ ನೋಡಿಕೊಳ್ಳಿ: 2280 ಅಂತ ಬರೆದಿದ್ದರೆ ಉದ್ದ 80 ಮಿ.ಮೀ.

ವೇಗ? ಸಾಟಾ ಸೆಕೆಂಡಿಗೆ ಸುಮಾರು 550 ಎಂಬಿ, ಜೆನ್ 3 (ಮೂರನೇ ತಲೆಮಾರಿನ) ಎನ್‌ವಿಎಂಇ 3,500ರವರೆಗೆ. ಬ್ರೌಸರ್, ಲೆಕ್ಕಪತ್ರದ ಕೆಲಸದಲ್ಲಿ ಈ ಅಂತರ ಅಷ್ಟಾಗಿ ಗೊತ್ತಾಗದು. ವಿಡಿಯೊ ಎಡಿಟಿಂಗ್ ಮಾಡುವವರಿಗೆ ಚೆನ್ನಾಗಿ ಗೊತ್ತಾಗುತ್ತದೆ. ಎರಡೂ ಹಿಡಿಸುವ ಯಂತ್ರವಾಗಿ, ಬೆಲೆ ಆಸುಪಾಸಿದ್ದರೆ ನಾನಂತೂ ಎನ್‌ವಿಎಂಇ ಅನ್ನುತ್ತೇನೆ. ಜೆನ್ 3 ಸ್ಲಾಟ್‌ನಲ್ಲಿ ಜೆನ್ 4 ಹಾಕಿದರೂ ಓಡುವುದು ಜೆನ್ 3ರ ವೇಗದಲ್ಲೇ, ಹೆಚ್ಚು ದುಡ್ಡು ಸುರಿಯಬೇಡಿ.

ಬಾಳಿಕೆ ಮಾಡೆಲ್ ಮೇಲೆ ಹೋಗುತ್ತದೆ. ವಾರಂಟಿ, ಟಿಬಿಡಬ್ಲ್ಯು (ಒಟ್ಟು ಎಷ್ಟು ಟೆರಾಬೈಟ್ ಬರೆಯಬಹುದು ಅನ್ನುವ) ಅಂಕಿ ಹೋಲಿಸಿ.