ನೇಪಾಳದ ಭೂಕಂಪ ಪೀಡಿತ ಶಾಲೆಗಳಿಗಾಗಿ ಸ್ವಯಂಸೇವೆ: ಆಲ್ ಹ್ಯಾಂಡ್ಸ್ ಅಂಡ್ ಹಾರ್ಟ್ಸ್ ಶಿಬಿರದ ವಿಮರ್ಶೆ

ಆಲ್ ಹ್ಯಾಂಡ್ಸ್ ಅಂಡ್ ಹಾರ್ಟ್ಸ್ ಎಂಬ ಅಮೆರಿಕದ ಸ್ವಯಂಸೇವಾ ಸಂಸ್ಥೆಯು ನೇಪಾಳದ ಸಿಂಧುಪಾಲ್ಚೋಕ್ ಜಿಲ್ಲೆಯಲ್ಲಿ ಶಾಲೆಗಳನ್ನು ಮತ್ತೆ ಕಟ್ಟುವ ಕೆಲಸ ನಡೆಸುತ್ತಿದ್ದಾಗ ನಾನು ಅಲ್ಲಿನ ಶಿಬಿರದಲ್ಲಿದ್ದು ದುಡಿದಿದ್ದೇನೆ. 2004ರ ಸುನಾಮಿಯ ನಂತರ ಥಾಯ್ಲೆಂಡಿನಲ್ಲಿ ಆರಂಭವಾದ ಪರಿಹಾರ ಕಾರ್ಯವೊಂದರಿಂದ ಬೆಳೆದ ಈ ಸಂಸ್ಥೆ, 2017ರಲ್ಲಿ ಇನ್ನೊಂದು ಸಂಸ್ಥೆಯೊಡನೆ ವಿಲೀನಗೊಂಡು ಈಗಿನ ಹೆಸರನ್ನು ಪಡೆಯಿತು. ವಿದೇಶದಲ್ಲಿ ವಿಪತ್ತು ಸಂಭವಿಸಿದಾಗ ಹೋಗಿ ನೆರವಾಗಬೇಕೆಂದು ಬಯಸುವ ಕನ್ನಡಿಗರು ಅನೇಕರಿರುವುದರಿಂದ, ಇಂಥ ವ್ಯವಸ್ಥೆಯಿಂದ ಸಂತ್ರಸ್ತರಿಗೆ ಎಷ್ಟು ಪ್ರಯೋಜನವಾಗುತ್ತದೆ ಎಂಬುದನ್ನು ಮೊದಲು, ಹೋಗುವವರಿಗೆ ಏನು ಅನುಕೂಲವಿದೆ ಎಂಬುದನ್ನು ಆಮೇಲೆ ತೂಗಿ ನೋಡಿ ಇದನ್ನು ಬರೆಯುತ್ತಿದ್ದೇನೆ.

2015ರ ಏಪ್ರಿಲ್ 25ರಂದು ಗೋರ್ಖಾ ಜಿಲ್ಲೆಯ ಬಾರ್ಪಾಕ್ ಬಳಿ ಕೇಂದ್ರ ಹೊಂದಿದ್ದ 7.8 ತೀವ್ರತೆಯ ಭೂಕಂಪವೂ, ಮೇ 12ರಂದು ಅದರ ಹಿಂದೆಯೇ ಬಂದ 7.3 ತೀವ್ರತೆಯ ಕಂಪನವೂ ಸುಮಾರು 9,000 ಜನರನ್ನು ಬಲಿ ತೆಗೆದುಕೊಂಡವು. ಜಿಲ್ಲೆಗಳ ಪೈಕಿ ಅತಿ ಹೆಚ್ಚು ಸಾವು ಸಂಭವಿಸಿದ್ದು ಸಿಂಧುಪಾಲ್ಚೋಕಿನಲ್ಲಿ. ಮೊದಲ ಕಂಪನವು ಶನಿವಾರ ಮಧ್ಯಾಹ್ನದ ಹೊತ್ತಿಗೆ ಆಯಿತು. ನೇಪಾಳದಲ್ಲಿ ವಾರದ ರಜೆ ಶನಿವಾರವಾದ್ದರಿಂದ ಶಾಲೆಗಳು ಖಾಲಿಯಾಗಿದ್ದವು. ಎಂಟು ಸಾವಿರಕ್ಕೂ ಹೆಚ್ಚು ಸರ್ಕಾರಿ ಶಾಲೆಗಳಿಗೆ ಹಾನಿಯಾಗಿದ್ದನ್ನು ನೆನೆದರೆ, ಅದೇ ಕಂಪನ ಒಂದು ದಿನ ಹಿಂದೆ ಅಥವಾ ಮುಂದೆ ಆಗಿದ್ದರೆ ಏನಾಗುತ್ತಿತ್ತೆಂದು ಊಹಿಸಲೂ ಮನಸ್ಸು ಹಿಂಜರಿಯುತ್ತದೆ. ಶಾಲೆಯನ್ನು ಸರಿಯಾಗಿ ಕಟ್ಟುವುದು ಎಷ್ಟು ಮುಖ್ಯ ಎಂಬುದಕ್ಕೆ ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ.

ಈ ಸಂಸ್ಥೆಯ ಬಗ್ಗೆ ನಾನು ಮೊದಲು ಮೆಚ್ಚುವುದು, ಜನರ ಗಮನ ಬೇರೆಡೆಗೆ ಸರಿದ ಮೇಲೂ ಅದು ಅಲ್ಲಿಯೇ ಉಳಿದದ್ದನ್ನು. ವಿಪತ್ತಿನ ಮೊದಲ ವಾರಗಳಲ್ಲಿ ತರಬೇತಿಯಿಲ್ಲದ ವಿದೇಶಿಯರು ಬಂದು ಮಾಡಬಹುದಾದದ್ದು ಬಹಳ ಕಡಿಮೆ. 2015ರ ಏಪ್ರಿಲ್–ಮೇ ತಿಂಗಳಲ್ಲಿ ಕಠ್ಮಂಡುವಿನ ವಿಮಾನ ನಿಲ್ದಾಣಕ್ಕೆ ಇದ್ದದ್ದು ಒಂದೇ ರನ್‌ವೇ. ಪರಿಹಾರ ಸಾಮಗ್ರಿಯ ವಿಮಾನಗಳೇ ಇಳಿಯಲು ಕಾಯಬೇಕಾಗಿತ್ತು, ರನ್‌ವೇ ಹಾಳಾಗುವ ಭಯದಿಂದ ದೊಡ್ಡ ವಿಮಾನಗಳನ್ನು ತಡೆಯಲಾಗಿತ್ತು. ಆ ಹೊತ್ತಿನಲ್ಲಿ ಬಂದಿಳಿಯುವ ಪ್ರತಿಯೊಬ್ಬ ಉತ್ಸಾಹಿಯೂ ಒಂದು ಹಾಸಿಗೆಯನ್ನು, ಊಟವನ್ನು, ವಾಹನದ ಒಂದು ಜಾಗವನ್ನು ಆಕ್ರಮಿಸಿಕೊಳ್ಳುತ್ತಾನೆ. ಆದರೆ ಎರಡು ಮೂರು ವರ್ಷಗಳ ನಂತರ ಪರಿಸ್ಥಿತಿ ತಲೆಕೆಳಗಾಗುತ್ತದೆ. ಪುನರ್ನಿರ್ಮಾಣ ಪ್ರಾಧಿಕಾರ ರಚನೆಯಾದದ್ದು 2015ರ ಕೊನೆಯಲ್ಲಿ. ಅದೇ ವರ್ಷ ದಕ್ಷಿಣದ ಗಡಿಯಲ್ಲಿ ಸರಕು ಸಾಗಣೆ ತಿಂಗಳುಗಟ್ಟಲೆ ನಿಂತು ಇಂಧನಕ್ಕೂ ಅಭಾವವಾಯಿತು. ಮನೆ ಕಟ್ಟಿಕೊಳ್ಳಲು ಸರ್ಕಾರ ಘೋಷಿಸಿದ ಮೂರು ಲಕ್ಷ ನೇಪಾಳಿ ರೂಪಾಯಿ ಕಂತುಗಳಲ್ಲಿ ಕೈಸೇರಬೇಕಾಗಿದ್ದುದರಿಂದ ಹಳ್ಳಿಗಳ ಕೆಲಸ ನಿಧಾನವಾಗಿ ಸಾಗಿತು, ಮಕ್ಕಳು ವರ್ಷಗಳ ಕಾಲ ತಗಡಿನ ಹಾಗೂ ಬಿದಿರಿನ ತಾತ್ಕಾಲಿಕ ಕೊಠಡಿಗಳಲ್ಲಿ ಕುಳಿತರು. ದುಡಿಯುವ ಕೈಗಳು ನಿಜವಾಗಿ ಬೇಕಾಗುವುದು ಆಗ.

ಕೆಲಸದ ಸ್ವರೂಪವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಸೇವೆಯ ಗುಣಮಟ್ಟ ಇರುವುದೇ ಅಲ್ಲಿ. ಸ್ವಯಂಸೇವಕರನ್ನು ಇಲ್ಲಿ ಮೇಸ್ತ್ರಿಯ ಸ್ಥಾನದಲ್ಲಿ ನಿಲ್ಲಿಸುವುದಿಲ್ಲ. ಗೋಡೆ ಕಟ್ಟುವವರು ಡಕರ್ಮಿಗಳೆಂದು ಕರೆಯಲ್ಪಡುವ ಸ್ಥಳೀಯ ಗಾರೆ ಕೆಲಸಗಾರರು, ಲೆಕ್ಕ ಮತ್ತು ನಕ್ಷೆ ಎಂಜಿನಿಯರುಗಳದ್ದು. ತಳಪಾಯ ತೋಡುವುದು, ಕಲ್ಲು ಹೊರುವುದು, ಮರಳು ಜರಡಿ ಹಿಡಿಯುವುದು, ಕಾಂಕ್ರೀಟು ಕಲಸಿ ಸಾಲಾಗಿ ನಿಂತು ಬಾಂಡ್ಲಿಗಳಲ್ಲಿ ದಾಟಿಸುವುದು, ಕಂಬಿ ಬಗ್ಗಿಸಿ ಕಟ್ಟುವುದು ನಮ್ಮ ಪಾಲಿನದ್ದು. ಕಂಬದ ಉದ್ದದ ಕಂಬಿಗಳನ್ನು ಸುತ್ತುವ ರಿಂಗುಗಳ ತುದಿಯನ್ನು 90 ಡಿಗ್ರಿಗೆ ನಿಲ್ಲಿಸದೆ 135 ಡಿಗ್ರಿಗೆ ಒಳಕ್ಕೆ ಬಗ್ಗಿಸಬೇಕೆಂಬುದು ಅಲ್ಲಿ ಎಲ್ಲರಿಗೂ ಬಾಯಿಪಾಠವಾಗಿರಬೇಕು. ಭೂಮಿ ನಡುಗುವಾಗ ಕಾಂಕ್ರೀಟಿನ ಹೊರಪದರ ಉದುರಿದರೆ, ಒಳಕ್ಕೆ ಬಗ್ಗಿಸಿದ ರಿಂಗು ಮಾತ್ರ ಬಿಚ್ಚಿಕೊಳ್ಳದೆ ಕಂಬವನ್ನು ಹಿಡಿದುಕೊಳ್ಳುತ್ತದೆ. ಇಷ್ಟು ಚಿಕ್ಕ ವಿಷಯಕ್ಕೂ ಎಷ್ಟು ಬೆಲೆಯಿದೆ ಎಂಬುದನ್ನು ಬೆಂಗಳೂರಿನಲ್ಲಿ ಮನೆ ಕಟ್ಟಿಸುವವರೂ ತಿಳಿದುಕೊಂಡರೆ ಒಳ್ಳೆಯದು.

ಬಿದ್ದ ಕಟ್ಟಡಗಳ ಅವಶೇಷ ನೋಡಿದರೆ ಕಾರಣ ಸ್ಪಷ್ಟವಾಗಿತ್ತು: ಮಣ್ಣಿನಲ್ಲಿ ಕಟ್ಟಿದ ದಪ್ಪನೆಯ ಕಲ್ಲಿನ ಗೋಡೆಗಳು, ಒಳಪದರವನ್ನೂ ಹೊರಪದರವನ್ನೂ ಹೆಣೆಯುವ ಉದ್ದನೆಯ ಅಡ್ಡಗಲ್ಲುಗಳಿಲ್ಲ, ನಾಲ್ಕು ಗೋಡೆಗಳನ್ನು ಒಂದಾಗಿ ಬಿಗಿಯುವ ಪಟ್ಟಿಗಳಿಲ್ಲ. 1993ರ ಸೆಪ್ಟೆಂಬರಿನಲ್ಲಿ ನಮ್ಮ ಗಡಿಯಾಚೆ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪವಾದಾಗ ಸಾವಿರಾರು ಜನರ ಮೇಲೆ ಕುಸಿದದ್ದೂ ಇಂಥದೇ ಕಲ್ಲು–ಮಣ್ಣಿನ ಗೋಡೆಗಳು. ಬೀದರ್, ಕಲಬುರಗಿ ಕಡೆಯ ಹಿರಿಯರಿಗೆ ಅದು ಇನ್ನೂ ಮರೆತಿಲ್ಲ. ಹೊಸ ನಿರ್ಮಾಣದಲ್ಲಿ ತಳಪಾಯ, ಕಿಟಕಿಯ ಕೆಳಭಾಗ, ಲಿಂಟಲ್ ಮತ್ತು ಚಾವಣಿಯ ಮಟ್ಟದಲ್ಲಿ ಪಟ್ಟಿಗಳು ಬರುತ್ತವೆ, ಮೇಲೆ ಹಗುರವಾದ ತಗಡಿನ ಹೊದಿಕೆ ಬರುತ್ತದೆ. ಸ್ಥಳೀಯ ಕೆಲಸಗಾರರು ಇದನ್ನು ಶಾಲೆಯಲ್ಲಿ ಮಾಡಿ ಕಲಿತು ತಮ್ಮ ಊರಿನ ಮನೆಗಳಿಗೂ ಅಳವಡಿಸಬಲ್ಲರು. ನನ್ನ ದೃಷ್ಟಿಯಲ್ಲಿ ಸ್ವಯಂಸೇವಕರು ಹೊತ್ತ ಕಲ್ಲುಗಳಿಗಿಂತ ಇದೇ ಹೆಚ್ಚು ಕಾಲ ಬಾಳುವ ಫಲ.

ವಸತಿ ಸರಳ: ಹಲವರು ಒಟ್ಟಿಗೆ ಮಲಗುವ ಬಂಕ್ ಹಾಸಿಗೆ, ತಣ್ಣೀರಿನ ಸ್ನಾನ, ಎರಡು ಹೊತ್ತೂ ಬೇಸರವಿಲ್ಲದೆ ತಿನ್ನಬಹುದಾದ ದಾಲ್–ಭಾತ್. ರಾತ್ರಿ ಶಿಬಿರಕ್ಕೆ ಮರಳುವ ಸಮಯಕ್ಕೂ ಮದ್ಯಪಾನಕ್ಕೂ ಕಟ್ಟುನಿಟ್ಟಾದ ನಿಯಮಗಳಿವೆ. ಊರಿನವರ ನಡುವೆ ಬದುಕುವಾಗ ಅವು ಅಗತ್ಯವೆಂದೇ ಭಾವಿಸುತ್ತೇನೆ.

ಭಾಷೆಯ ವಿಷಯದಲ್ಲಿ ಭಾರತೀಯರಿಗೆ ಒಂದು ವಿಶೇಷ ಅನುಕೂಲವಿದೆ. ಶಿಬಿರದ ವ್ಯವಹಾರ ಇಂಗ್ಲಿಷಿನಲ್ಲಿ, ನಿರ್ಮಾಣ ಸ್ಥಳದ ಮಾತು ನೇಪಾಳಿಯಲ್ಲಿ. ನಡುವೆ ಹಿಂದಿ ಬಲ್ಲವರು ಸೇತುವೆಯಾಗುತ್ತಾರೆ, ಏಕೆಂದರೆ ಗುಡ್ಡಗಾಡಿನ ಬಹಳಷ್ಟು ಕುಟುಂಬಗಳಲ್ಲಿ ಒಬ್ಬರಾದರೂ ಭಾರತದಲ್ಲಿ ದುಡಿದು ಬಂದಿರುತ್ತಾರೆ. ಬೆಂಗಳೂರಿನ ಹೋಟೆಲುಗಳಲ್ಲಿ, ಅಪಾರ್ಟ್‌ಮೆಂಟುಗಳ ಕಾವಲಿನಲ್ಲಿ ನಾವು ನಿತ್ಯ ಕಾಣುವ ಎಷ್ಟೋ ನೇಪಾಳಿಗರ ಮನೆಗಳು ಇಂಥ ಜಿಲ್ಲೆಗಳಲ್ಲೇ ಇವೆ. ಹಿರಿಯ ಕೆಲಸಗಾರರನ್ನು ದಾಯಿ (ಅಣ್ಣ) ಎಂದೂ ಮಹಿಳೆಯರನ್ನು ದೀದಿ (ಅಕ್ಕ) ಎಂದೂ ಕರೆದು, ಅವರು ಹೇಳಿದಂತೆ ಕೆಲಸ ಮಾಡಿದರೆ ಬೇಗನೆ ಅವರಲ್ಲಿ ಒಬ್ಬರಾಗಿಬಿಡಬಹುದು.

ಹಣದ ವಿಚಾರದಲ್ಲಿ ಈ ಸಂಸ್ಥೆಯ ನಿಲುವು ಪ್ರಶಂಸನೀಯ: ಭಾಗವಹಿಸಲು ಶುಲ್ಕವಿಲ್ಲ, ಶಿಬಿರದ ಊಟ, ವಸತಿ ಮತ್ತು ಉಪಕರಣಗಳನ್ನು ಸಂಸ್ಥೆಯೇ ಒದಗಿಸುತ್ತದೆ; ಪ್ರಯಾಣ, ವಿಮೆ, ಲಸಿಕೆಗಳ ವೆಚ್ಚ ಮಾತ್ರ ನಮ್ಮದು. ಇದಕ್ಕೆ ಮೊದಲು ನಾನು ವಿಚಾರಿಸಿದ್ದ ಬೇರೊಂದು ಏಜೆನ್ಸಿ ದೊಡ್ಡ ಮೊತ್ತದ ಶುಲ್ಕ ಕೇಳಿತ್ತು. ಅದರಲ್ಲಿ ಹಳ್ಳಿಗೆ ತಲುಪುವ ಪಾಲು ಎಷ್ಟೆಂದು ಪತ್ರ ಬರೆದು ಕೇಳಿದರೂ ಉತ್ತರ ಬರಲಿಲ್ಲ. ಇನ್ನೂ ಗಂಭೀರವಾದದ್ದು ಅನಾಥಾಲಯಗಳಲ್ಲಿ ಸೇವೆಯ ಹೆಸರಿನ ಪ್ಯಾಕೇಜುಗಳು. ನೇಪಾಳದ ಇಂಥ ಗೃಹಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಇದ್ದಾರೆ. ಭೂಕಂಪದ ನಂತರ ಮಕ್ಕಳ ಸಾಗಾಟದ ಭಯದಿಂದ ಸರ್ಕಾರವು ಪೋಷಕರಿಲ್ಲದೆ ಮಕ್ಕಳನ್ನು ಜಿಲ್ಲೆಯಿಂದ ಹೊರಗೆ ಕರೆದೊಯ್ಯುವುದನ್ನೇ ನಿರ್ಬಂಧಿಸಿತ್ತು, ಯುನಿಸೆಫ್ ಕೂಡ ಎಚ್ಚರಿಸಿತ್ತು. ವಿದೇಶಿಯರು ಕೆಲವು ವಾರ ಬಂದು ಮುದ್ದಾಡಿ ಹೋಗಲು ಹಣ ಕೊಡುವವರೆಗೂ ಆ ಗೃಹಗಳಿಗೆ ಮಕ್ಕಳನ್ನು ತರುವವರು ಇದ್ದೇ ಇರುತ್ತಾರೆ. ಅಂಥ ಕಡೆಗೆ ದಯವಿಟ್ಟು ಯಾರೂ ಹೋಗಬಾರದು.

ಈ ಮಾದರಿಗೇ ಸೇರಿದ ಒಂದು ಮಿತಿಯೂ ಇದೆ. ಯುರೋಪು ಅಥವಾ ಅಮೆರಿಕದಿಂದ ಬರುವ ಒಬ್ಬರ ವಿಮಾನ ಟಿಕೆಟಿನ ಹಣದಲ್ಲಿ ಒಬ್ಬ ಡಕರ್ಮಿಗೆ ಹಲವು ವಾರಗಳ ಕೂಲಿ ಕೊಡಬಹುದು. ಆದ್ದರಿಂದ ಅತಿ ಕಡಿಮೆ ಅವಧಿಗೆ ಬರುವವರಿಂದ ಲಾಭಕ್ಕಿಂತ ಹೊರೆಯೇ ಹೆಚ್ಚು. ಕೆಲಸದ ಲಯ ಕೈಗೆ ಹತ್ತುವುದಕ್ಕೇ ಮೊದಲ ವಾರ ಬೇಕಾಗುತ್ತದೆ. ನಮಗೆ ಈ ಲೆಕ್ಕ ಸ್ವಲ್ಪ ಭಿನ್ನ: ವೀಸಾ ಬೇಕಿಲ್ಲ, ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಸಾಕು, ಗೋರಖ್‌ಪುರದವರೆಗೆ ರೈಲಿನಲ್ಲಿ ಹೋಗಿ ಸೋನೌಲಿಯಲ್ಲಿ ಗಡಿ ದಾಟಿ ಬಸ್ಸು ಹಿಡಿದರೆ ಖರ್ಚೂ ಕಡಿಮೆ. ಹಾಗಿದ್ದರೂ ಒಂದು ತಿಂಗಳಾದರೂ ಬಿಡುವು ಇಲ್ಲದವರು ಟಿಕೆಟಿನ ಹಣವನ್ನೇ ಸ್ಥಳೀಯರಿಗೆ ಕೂಲಿ ಕೊಟ್ಟು ಕೆಲಸ ಮಾಡಿಸುವ ಸಂಸ್ಥೆಗೆ ಕಳುಹಿಸುವುದು ಮೇಲು.

ಸಿವಿಲ್ ಎಂಜಿನಿಯರುಗಳು, ಎಲೆಕ್ಟ್ರಿಷಿಯನ್ನರು, ಕಂಬಿ ಕೆಲಸ ಬಲ್ಲವರು, ದಾದಿಯರು ಮತ್ತು ದೈಹಿಕ ಶ್ರಮಕ್ಕೆ ಹಿಂಜರಿಯದ ಆರೋಗ್ಯವಂತ ಯುವಜನರಿಗೆ ನಾನು ಈ ಸಂಸ್ಥೆಯನ್ನು ಸಂಕೋಚವಿಲ್ಲದೆ ಶಿಫಾರಸು ಮಾಡುತ್ತೇನೆ. ವಿಪತ್ತುಗಳ ಬೆನ್ನಿಗೆ ಸಂಸ್ಥೆಯ ಕಾರ್ಯಕ್ಷೇತ್ರ ದೇಶದಿಂದ ದೇಶಕ್ಕೆ ಬದಲಾಗುವುದರಿಂದ ಈಗ ಎಲ್ಲಿ ಕೆಲಸ ನಡೆಯುತ್ತಿದೆ ಎಂದು ನೋಡಿಕೊಂಡೇ ಅರ್ಜಿ ಹಾಕಬೇಕು. ನೇಪಾಳದ ಗುಡ್ಡಗಳಿಗೇ ಹೋಗುವ ಸಂದರ್ಭ ಬಂದರೆ ಜೂನ್ ಮಧ್ಯದಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲವನ್ನು ತಪ್ಪಿಸಿ. ಆಗ ಭೂಕುಸಿತದಿಂದ ರಸ್ತೆಗಳು ಮುಚ್ಚುತ್ತವೆ. ನಮ್ಮ ನವರಾತ್ರಿಯ ಹೊತ್ತಿಗೇ ಬರುವ ದಶೈಂ ಹಬ್ಬಕ್ಕೆ ಕೆಲಸಗಾರರೆಲ್ಲ ಊರಿಗೆ ಹೋಗುತ್ತಾರೆ. ದಶೈಂ ಮತ್ತು ನಮ್ಮ ದೀಪಾವಳಿಯ ಹೊತ್ತಿನ ತಿಹಾರ್ ಹಬ್ಬ ಮುಗಿದ ಮೇಲೆ, ನವೆಂಬರಿನಿಂದ ಕೆಲಸ ಮತ್ತೆ ಬಿರುಸಾಗುತ್ತದೆ. ಆಗ ಹೋಗುವವರು ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಂಡು, ಗಟ್ಟಿ ಅಡಿಯ ಬೂಟು, ಕೈಗವಸು ಮತ್ತು ಬೆಟ್ಟದ ಚಳಿಗೆ ತಕ್ಕ ಉಣ್ಣೆಯ ಬಟ್ಟೆಗಳನ್ನು ಒಯ್ಯಬೇಕು.