ರಾತ್ರಿ ಎರಡೂವರೆಗೆ ಫೋನ್ ಮಾಡಿದ್ರೂ ಬಂದ್ರು: ಅಮ್ಮನ ನೇತ್ರದಾನದ ಅನುಭವ

ಮೈಸೂರಲ್ಲಿ ನಮ್ಮ ಮನೆಗೆ ಬಂದು ಅಮ್ಮನ ಕಣ್ಣು ತಗೊಂಡು ಹೋದ ಐ ಬ್ಯಾಂಕ್‌ನವರ ಬಗ್ಗೆ ಬರೀಲೇಬೇಕು ಅನ್ಸ್ತು. ಐದಕ್ಕೆ ಐದು ಸ್ಟಾರ್.

ಅಮ್ಮಂಗೆ 88 ವರ್ಷ. ನಾಲ್ಕು ಮಕ್ಕಳನ್ನ ಸಾಕಿ ಓದ್ಸಿದ್ದಲ್ದೆ ಬೀದಿ ಕೆಲಸಾನೂ ಮೈಮೇಲೆ ಹಾಕ್ಕೊಂಡೋರು. 1995ರಲ್ಲಿ ಪಲ್ಸ್ ಪೋಲಿಯೋ ಶುರುವಾದಾಗಿಂದ ಪ್ರತಿ ಸಲ ಅಂಗನವಾಡಿ ಬೂತಲ್ಲಿ ಬೆಳಿಗ್ಗೇನೇ ಹಾಜರು, ಹನಿ ಹಾಕಿಸ್ಕೊಂಡ ಮಗು ಎಡಗೈ ಕಿರುಬೆರಳಿಗೆ ಮಾರ್ಕರಲ್ಲಿ ಗುರುತು ಹಾಕೋದು ಅವರ ಡ್ಯೂಟಿ, ಸಂಜೆ ಮನೆಗೆ ಬಂದಾಗ ಅವರ ಬೆರಳೆಲ್ಲಾ ಇಂಕು, ಅದೇ ಕೈಯಲ್ಲೇ ನಮಗೆ ಸಾರನ್ನ ಬಡಿಸೋರು. 2014ರ ಮಾರ್ಚಲ್ಲಿ ಭಾರತ ಪೋಲಿಯೋಮುಕ್ತ ಅಂತ ಸರ್ಟಿಫಿಕೇಟ್ ಸಿಕ್ಕಿದ ನ್ಯೂಸ್ ಟಿವಿಲಿ ಬಂದಾಗ ಅಡಿಗೆಮನೆಯಿಂದ ಓಡಿ ಬಂದು ನಿಂತ್ಕೊಂಡು ನೋಡಿದ್ರು. ಇದ್ರ ಮಧ್ಯೆ ಕಣ್ಣಿನ ಕ್ಯಾಂಪ್ ಅಂದ್ರೆ ಸಾಕು, ಅಕ್ಕಪಕ್ಕದ ಅಜ್ಜಿ ತಾತಂದಿರನ್ನ ಆಟೋಲಿ ಕೂರಿಸ್ಕೊಂಡು ಹೋಗೋರು.

2006ರಲ್ಲಿ ಅಣ್ಣಾವ್ರು ತೀರ್ಕೊಂಡು ಕಣ್ಣು ದಾನ ಆದ್ಮೇಲೆ ಇವರೂ ಫಾರ್ಮ್ ತುಂಬಿಸಿ ಕಾರ್ಡ್ ತಂದಿಟ್ಕೊಂಡಿದ್ರು. ಅಪ್ಪು ಹೋದಾಗ ಮತ್ತೆ ನೆನಪಿಸಿದ್ರು, "ಮರೀಬೇಡ ಕಣೋ, ಅಳ್ತಾ ಕೂತ್ಕೊಂಡು ಟೈಮ್ ಕಳೀಬೇಡ" ಅಂತ.

ಅಮ್ಮ ತೀರ್ಕೊಂಡ ರಾತ್ರಿ ಆ ಮಾತೇ ಕಿವಿಲಿತ್ತು. ಕಾರ್ಡಲ್ಲಿದ್ದ ಹಳೇ ನಂಬರ್ ಚಾಲ್ತಿಲಿರ್ಲಿಲ್ಲ, ಆಮೇಲೆ ಹುಡುಕಿ ಇವರಿಗೆ ಮಾಡ್ದೆ, ಎರಡನೇ ರಿಂಗಿಗೇ ಎತ್ತಿದ್ರು. ಫ್ಯಾನ್ ಆಫ್ ಮಾಡಿ, ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ, ತಲೆ ಕೆಳಗೆ ದಿಂಬು ಕೊಟ್ಟು ಸ್ವಲ್ಪ ಎತ್ತರ ಮಾಡಿ, ಡಾಕ್ಟರ್ ಕೊಟ್ಟ ಸಾವಿನ ಸರ್ಟಿಫಿಕೇಟ್ ರೆಡಿ ಇಟ್ಕೊಳಿ, ಇಷ್ಟನ್ನೂ ನಿಧಾನಕ್ಕೆ ಎರಡೆರಡು ಸಲ ಹೇಳಿದ್ರು. ಮುಕ್ಕಾಲು ಗಂಟೇಲಿ ಇಬ್ಬರು ಬಂದ್ರು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಮೊದಲು ಅಮ್ಮನ ಕಾಲಿಗೆ ನಮಸ್ಕಾರ ಮಾಡಿದ್ರು. ಅದನ್ನ ಯಾರೂ ಅವರಿಗೆ ಹೇಳಿರ್ಲಿಲ್ಲ.

ಸೋದರಮಾವ ಬೇಡ ಅಂತ ಕೂತಿದ್ರು, ಮುಂದಿನ ಜನ್ಮಕ್ಕೆ ಕಣ್ಣಿರಲ್ಲ, ಮುಖ ಕೆಡುತ್ತೆ ಅಂತ. ಐ ಬ್ಯಾಂಕ್‌ನವರು ಮಾವನ ಜೊತೆ ಜಗಳಕ್ಕೆ ನಿಲ್ದೆ ಪಕ್ಕ ಕೂತು ಮಾತಾಡಿದ್ರು. ಅಮ್ಮಂಗೆ ಪೊರೆ ಆಪರೇಷನ್ ಆಗಿತ್ತು, ಶುಗರ್ ಇತ್ತು, ನಡೆಯುತ್ತಾ ಅಂತ ನಾನು ಕೇಳ್ದೆ. ಅದೇನೂ ತೊಂದ್ರೆ ಇಲ್ಲ, ವಯಸ್ಸೂ ಅಡ್ಡಿ ಇಲ್ಲ, ಆರು ಗಂಟೆ ಒಳಗೆ ಆಗ್ಬೇಕು ಅಷ್ಟೇ, ಎಚ್‌ಐವಿ, ರೇಬೀಸ್ ತರದ ಕಾಯಿಲೆ ಇದ್ರೆ ಮಾತ್ರ ತಗೊಳಲ್ಲ ಅಂದ್ರು. ಟೆಸ್ಟಿಗೆ ಸ್ವಲ್ಪ ರಕ್ತ ತಗೊಂಡು, ಬಾಗಿಲು ಹಾಕಿ ಇಪ್ಪತ್ತೇ ನಿಮಿಷ. ಕಾರ್ನಿಯಾ, ಅಂದ್ರೆ ಕಣ್ಣಿನ ಮುಂದಿರೋ ಪಾರದರ್ಶಕ ಪದರ ಮಾತ್ರ ತೆಗೆದಿದ್ರು. ಬಾಗಿಲು ತೆಗೆದಾಗ ಅಮ್ಮ ಮಲಗಿದ ಹಾಗೇ ಇದ್ರು, ಹಣೆ ಕುಂಕುಮ ಕೂಡ ಅಳಿಸಿರ್ಲಿಲ್ಲ, ಮಾವ ಹತ್ರ ಹೋಗಿ ನೋಡಿ ಸುಮ್ಮನಾದ್ರು. ಒಂದು ರೂಪಾಯಿ ತಗೊಳ್ಲಿಲ್ಲ, ಕಾಫಿನೂ ಬೇಡ ಅಂದ್ರು.

ಆಮೇಲೆ ಬಂದ ಪತ್ರದಲ್ಲಿ ಅಮ್ಮನ ಹೆಸರು ತಪ್ಪಾಗಿತ್ತು, ಫೋನ್ ಮಾಡಿದ್ದಕ್ಕೆ ವಾರದಲ್ಲಿ ಸರಿ ಮಾಡಿ ಕಳಿಸಿದ್ರು. ಯಾರಿಗೆ ಹಾಕಿದ್ರು ಅಂತ ಹೇಳಲ್ಲ, ಅದು ಅವರ ರೂಲ್ಸು, ಸರೀನೇ.

ಒಂದು ಮಾತು. ಕಾರ್ಡ್ ಇರೋರು ಅದ್ರಲ್ಲಿರೋ ನಂಬರ್ ಈಗ್ಲೇ ಒಂದ್ಸಲ ಮಾಡಿ ನೋಡಿ, ಕಾರ್ಡ್ ಎಲ್ಲಿಟ್ಟಿದೀವಿ ಅಂತ ಮನೇಲಿ ಹೇಳಿಡಿ. ಅಮ್ಮಂದು ದೇವರ ಮನೆ ಕ್ಯಾಲೆಂಡರ್ ಹಿಂದೆ ಇತ್ತು, ಈಗ ಅದೇ ಜಾಗದಲ್ಲಿ ನಂದೂ ಇದೆ.